ಹದಿನೇಳು ದೂರು, ಒಂದೇ ಹೆಸರು

ಬೀದಿಯವರಿಗೆಲ್ಲ ಅವಳು ಭದ್ರಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಅದು ಯಾರಿಗೆ ಬೇಕು ಹೇಳಿ. ಹೊಲಿಗೆ ಯಂತ್ರದ ಮುಂದೆ ಕೂತು ಇಪ್ಪತ್ತೆರಡು ವರ್ಷವಾಯಿತು, ಅವಳು ಹಾಕಿದ ಗುಂಡಿ ಒಂದಾದರೂ ಕಿತ್ತುಬಂದದ್ದಿಲ್ಲ. ಬಟ್ಟೆ ಹರಿದೀತು, ಗುಂಡಿ ಬೀಳದು. ಸ್ವಲ್ಪ ಸಡಿಲ ಬಿಡಿ ಎಂದು ಯಾರಾದರೂ ಬಾಯಿಬಿಟ್ಟರೋ, ಹಾಗಾದರೆ ಪಿನ್ನು ಚುಚ್ಚಿಕೊಂಡು ಓಡಾಡಿ ಎಂದು ಬಟ್ಟೆಯನ್ನು ಮುಖಕ್ಕೆ ಹಿಡಿಯುತ್ತಿದ್ದಳು.

ಗಂಡ ಪೊಲೀಸ್ ಪೇದೆ. ಆರಡಿ ಆಳು, ಏಳಡಿ ಮರೆವು. ಎದೆಗೆ ಸಿಕ್ಕಿಸುವ ಹೆಸರಿನ ಪಟ್ಟಿಯನ್ನು ಒಂದೇ ವರ್ಷದಲ್ಲಿ ಐದು ಸಲ ಕಳೆದು ಐದು ಸಲವೂ ಸಾಹೇಬರಿಂದ ಉಗಿಸಿಕೊಂಡಿದ್ದ. ಆರನೆಯ ಸಲ ಭದ್ರಮ್ಮನಿಗೆ ರೇಗಿಹೋಯಿತು. ಅವನ ಮೂರೂ ಅಂಗಿಗಳನ್ನು ಎಳೆದುಕೊಂಡು, ಜೇಬಿನ ಮೇಲೆ ಬಿಳಿ ದಾರದ ಹೆಸರು ಕೂರಿಸಿ, ಸುತ್ತ ನಾಲ್ಕು ಸುತ್ತು ಹೊಲಿಗೆ ಜಡಿದುಬಿಟ್ಟಳು. ಅಕ್ಷರ ನಿಯಮಕ್ಕಿಂತ ಕೊಂಚ ದಪ್ಪವೇ ಆಯಿತು. ನನ್ನ ಗಂಡನ ಹೆಸರು, ಎದುರು ಬೀದಿಗೂ ಕಾಣಲಿ ಎಂಬ ಜಂಬ ಬೇರೆ.

ಕಂಡಿತು, ಕಂಡಿತು. ಚೆನ್ನಾಗಿಯೇ ಕಂಡಿತು.

ಹಳೆಯ ಮಾರುಕಟ್ಟೆ ಕೆಡವುತ್ತಾರೆಂದು ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಮೊದಲ ದಿನ ಘೋಷಣೆ, ಎರಡನೆಯ ದಿನ ಕಲ್ಲು, ಮೂರನೆಯ ದಿನ ಲಾಠಿ. ಹೊರಡುವ ಮುಂಚೆ ಠಾಣೆಯ ಹಿತ್ತಲಲ್ಲಿ ಪೇದೆಗಳೆಲ್ಲ ಹೆಸರಿನ ಪಟ್ಟಿ ಬಿಚ್ಚಿ ಜೇಬಿಗಿಳಿಸಿದರು. ಯಾರೂ ಬಿಚ್ಚಿ ಎನ್ನಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಭದ್ರಮ್ಮನ ಗಂಡನೂ ಉಗುರು ಹಾಕಿ ಕೆರೆದ. ಜೊತೆಯವನೊಬ್ಬ ಬೀಗದ ಕೈ ತೂರಿಸಿ ಮೀಟಿದ. ಜಪ್ಪಯ್ಯ ಅಂದರೂ ಒಂದು ಎಳೆ ಅಲುಗಲಿಲ್ಲ.

ವಾರ ಕಳೆಯುವುದರೊಳಗೆ ಹದಿನೇಳು ದೂರು ಬಂದವು, ಹದಿನೇಳೂ ಅವನ ಮೇಲೆ. ಆ ಗಲಾಟೆಯಲ್ಲಿ ಜನರಿಗೆ ಓದಲು ಸಿಕ್ಕ ಹೆಸರು ಅದೊಂದೇ, ಏಟು ತಿಂದವರು ಯಾರ ಮೇಲಾದರೂ ಬರೆಯಬೇಕಲ್ಲ. ಆ ಕಾಗದಗಳ ಪ್ರಕಾರ ಅವನು ಹನ್ನೊಂದೂಕಾಲಿಗೆ ಮೀನಂಗಡಿಯ ಬಳಿ ಒಬ್ಬನ ಮೊಣಕಾಲಿಗೆ ಹೊಡೆದು, ಅದೇ ಹನ್ನೊಂದೂಕಾಲಿಗೆ ಊರಿನ ಆ ತುದಿಯ ಬಸ್ ನಿಲ್ದಾಣದಲ್ಲಿ ಇನ್ನೊಬ್ಬನ ಬೆನ್ನಿಗೆ ಬಾರಿಸಿದ್ದ. ಒಂದರಲ್ಲಿ ಕುಳ್ಳ, ಒಂದರಲ್ಲಿ ಬೋಳುತಲೆ, ಮತ್ತೊಂದರಲ್ಲಿ ಮೋಟಾರ್ ಸೈಕಲ್ ಹತ್ತಿ ಅಟ್ಟಿಸಿಕೊಂಡು ಬಂದವನು. ಈ ಮಹಾರಾಯನಿಗೆ ಸೈಕಲ್ ತುಳಿಯಲೂ ಬಾರದು!

ಅಮಾನತಿನ ಆದೇಶ ಬಂತು. ವಿಚಾರಣೆಯಲ್ಲಿ ಸೋತರೆ ಕೆಲಸ ಹೋಯಿತೆಂದೇ ಲೆಕ್ಕ. ನೀನು ಹೊಲಿದೂ ಹೊಲಿದೂ ನಮ್ಮಣ್ಣನ ಅನ್ನಕ್ಕೇ ಹೊಲಿಗೆ ಹಾಕಿದೆ ಎಂದು ನಾದಿನಿ ಮನೆಗೇ ಬಂದು ಅತ್ತಳು. ಭದ್ರಮ್ಮ ಮಾತ್ರ ದೂರುಗಳನ್ನು ಗಟ್ಟಿಯಾಗಿ ಓದಿ ಓದಿ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿಸಿಕೊಂಡಳು. ಒಗೆದ ಬಟ್ಟೆ ಮಡಚಲು ಕರೆದರೆ ಎದ್ದು ಬಾರದ ಗಂಡ ಅರ್ಧ ಗಂಟೆಯಲ್ಲಿ ಹದಿನೇಳು ಕಡೆ ಹೊಡೆದನೆಂದರೆ ಯಾವ ಪುಣ್ಯಾತ್ಮ ನಂಬುತ್ತಾನೆ? ಅವನು ನಗಲಿಲ್ಲ. ಪಾಪ, ಹೆದರಿದ್ದಾನೆ ಅಂದುಕೊಂಡಳು.

ವಿಚಾರಣೆಗೆ ಬಂದವರು ನಿವೃತ್ತ ನ್ಯಾಯಾಧೀಶೆ, ದಪ್ಪ ಕನ್ನಡಕದ ಮೇಡಂ. ಹೆಸರೇಕೆ ಉಳಿಯಿತೆಂದು ತಿಳಿಯಲು ಭದ್ರಮ್ಮನನ್ನೇ ಸಾಕ್ಷಿಗೆ ಕರೆಸಿದರು. ಇವಳು ಅಂಗಿಯನ್ನೇ ತಂದಿದ್ದಳು. ಕಿತ್ತು ನೋಡಿ ಎಂದು ಗುಮಾಸ್ತನ ಕೈಗೆ ಕೊಟ್ಟಳು. ಅವನು ಎಳೆದ, ಎದ್ದು ನಿಂತು ಎಳೆದ, ಮೇಜಿಗೆ ಕಾಲು ಕೊಟ್ಟು ಎಳೆದು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಬೆಂಚಿನ ಮೇಲಿದ್ದ ಹದಿನೇಳು ಮಂದಿಯೂ ಬ್ಯಾಂಡೇಜು ಹಿಡಿದುಕೊಂಡು ನಕ್ಕರು.

ಒಬ್ಬ ಮನುಷ್ಯ ಹದಿನೇಳು ಕಡೆ ಇರಲಾಗದು ಎಂದು ಮೇಡಂ ಒಪ್ಪಿದರು. ಇದಕ್ಕೇ ಕಾದಿದ್ದ ಠಾಣೆಯ ಸಾಹೇಬರು ಮೊದಲೇ ಬರೆಸಿ ತಂದಿದ್ದ ಕಾಗದ ಮುಂದಿಟ್ಟರು. ದೂರುಗಳೆಲ್ಲ ಸುಳ್ಳು ಎಂದು ಪೇದೆ ಸಹಿ ಹಾಕಿದರಾಯಿತು, ಕಡತ ಮುಚ್ಚಿ ನಾಳೆಯಿಂದಲೇ ಕೆಲಸಕ್ಕೆ. ಭದ್ರಮ್ಮನ ಕಾಲು ನೆಲದ ಮೇಲಿರಲಿಲ್ಲ. ಹಾಕಿ ರೀ, ಬೇಗ ಹಾಕಿ ಎಂದು ತಾನೇ ಪೆನ್ನು ಕೊಟ್ಟಳು.

ಅವನು ಪೆನ್ನು ಹಿಡಿದು ಬೆಂಚಿನ ಕಡೆ ನೋಡಿದ.

"ಏಟು ಬಿದ್ದದ್ದು ಸುಳ್ಳಲ್ಲ ಮೇಡಂ. ಹದಿನಾರು ನನ್ನದಲ್ಲ, ಅಷ್ಟೇ. ಬಂದೋಬಸ್ತಿಗೆ ಎಲ್ಲಿ ಯಾರನ್ನ ನಿಲ್ಲಿಸಿದ್ರು ನಂಗೊತ್ತು, ಹೇಳ್ತೀನಿ."

"ದೂರು ಹದಿನೇಳಿದೆಯಲ್ಲ," ಎಂದರು ಮೇಡಂ.

ಅವನು ಬೆಂಚಿನ ತುದಿಯಲ್ಲಿದ್ದ ಬೇಕರಿ ಕೆಲಸಗಾರನನ್ನು ತೋರಿಸಿದ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದರು.

"ಇವರ ಕೈ ಮುರಿದದ್ದು ನಾನೇ. ಓಡಿಹೋಗ್ತಿದ್ರು. ಹಿಂದಿನಿಂದ ಹೊಡೆದೆ."

ಭದ್ರಮ್ಮನ ನಗು ಬಾಯಲ್ಲೇ ನಿಂತಿತು. ಎಂಟು ದಿನ ಅದೇ ಕಾಗದವನ್ನು ಅವನೆದುರೇ ಓದಿ ನಕ್ಕಿದ್ದಳಲ್ಲ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ತಬ್ಬಿಕೊಳ್ಳುವಷ್ಟು ಅಳು ಬಂತು. ನೀವು ಹೇಳುವುದೇನಾದರೂ ಇದೆಯೇ ಎಂದು ಮೇಡಂ ಅವಳನ್ನು ಕೇಳಿದರು.

"ಅವರು ಹೇಳಿದ್ದೆಲ್ಲಾ ಬರ್ಕೊಳ್ಳಿ ಮೇಡಂ. ಒಂದೂ ಬಿಡಬೇಡಿ."

ಸಾಹೇಬರು ಕಾಗದ ಮಡಚುವಷ್ಟರಲ್ಲಿ ಬೆಂಚು ಖಾಲಿ. ಯಾರನ್ನು ಕೆಲಸದಿಂದ ತೆಗೆಸಬೇಕೆಂದು ಬಂದಿದ್ದರೋ ಅವನನ್ನೇ ಜನ ಮುತ್ತಿಕೊಂಡರು. ಮೀನಂಗಡಿ ಹತ್ತಿರ ನಂಗೆ ಹೊಡೆದವರು ಯಾರು ಹೇಳಿ, ನನ್ನ ಬೆನ್ನು ನೋಡಿ ಹೇಳಿ, ಸಾಲಾಗಿ ಬನ್ನಿ, ನೂಕಬೇಡಿ ಎಂದು ಗದ್ದಲವೋ ಗದ್ದಲ. ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಬರೆದದ್ದೇ ಬರೆದದ್ದು.

ಬೇಕರಿಯವನೊಬ್ಬ ಮಾತ್ರ ಏಳಲಿಲ್ಲ. ಅವನು ಕೇಳಿ ತಿಳಿಯಬೇಕಾದ ಹೆಸರು ಯಾವುದೂ ಇರಲಿಲ್ಲ. ಭದ್ರಮ್ಮ ಹೋಗಿ ಅವನ ಪಕ್ಕ ಕೂತಳು. ಏನು ಹೇಳಬೇಕೆಂದು ತೋಚದೆ, ಇನ್ನೂ ನೋವಿದೆಯಾ ಎಂದು ಕೇಳಿದಳು.

"ಇದೆ ಅಕ್ಕಾ," ಎಂದ ಅವನು.