ಸೋಡಾ ನೀರಿನಲ್ಲಿ ಅರಿಷಿಣ

ನಿನ್ನೆ ಮಧ್ಯಾಹ್ನ ಮೊಮ್ಮಗಳು ಅಡಿಗೆಮನೆಯ ಕಿಟಕಿ ಮುಚ್ಚಿ ನನ್ನನ್ನು ಕರೆದಳು. ಅವಳು ರಸಾಯನಶಾಸ್ತ್ರ ಓದುವವಳು. ಕೈಯಲ್ಲಿ ನೇರಳೆ ಬೆಳಕಿನ ಪುಟ್ಟ ಬ್ಯಾಟರಿ, ಮುಂದೆ ಮೂರು ಬಟ್ಟಲು, ಮೂರರಲ್ಲೂ ಚಿಟಿಕೆ ಅರಿಷಿಣ. ಎಣ್ಣೆಯಲ್ಲಿದ್ದ ಅರಿಷಿಣ ಆ ಬೆಳಕು ಬಿದ್ದೊಡನೆ ಹಸಿರುಹಳದಿಯಾಗಿ ಹೊಳೆಯಿತು. ನೀರಿನಲ್ಲಿದ್ದದ್ದು ಮಂಕಾಗಿಯೇ ಉಳಿಯಿತು.

"ಅರಿಷಿಣ ಅದs ಐತಿ ಅಜ್ಜಾ. ಸುತ್ತ ಏನೈತಿ ಅನ್ನೂದರ ಮ್ಯಾಲೆ ಅದರ ಬಣ್ಣ" ಎಂದಳು. ಮೂರನೆಯ ಬಟ್ಟಲಿನ ನೀರಿಗೆ ಸೋಡಾ ಹಾಕಿದಳು. ನೀರು ಕೆಂಪಾಯಿತು.

ನಾನು ಎದ್ದು ಹೊರಗೆ ಬಂದೆ. ಮುದುಕನಿಗೆ ಬೇಸರ ಬಂತೆಂದು ಅವಳು ತಿಳಿದಿರಬೇಕು. ಬಂದದ್ದು ಬೇಸರವಲ್ಲ, ಸಿಟ್ಟು. ಈ ವಯಸ್ಸಿನಲ್ಲಿ ನನಗೆ ಕನ್ನಡಕ ಇಟ್ಟ ಜಾಗ ನೆನಪಿರುವುದಿಲ್ಲ. ಈ ಸಿಟ್ಟು ಮಾತ್ರ ಇಟ್ಟಲ್ಲೇ ಇರುತ್ತದೆ.

ಐವತ್ತರ ದಶಕದ ಮಾತು. ಗಜೇಂದ್ರಗಡದ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಬೀಗರು ನರಗುಂದದವರು. ನಾನು ಧಾರವಾಡದಲ್ಲಿ ವಿಜ್ಞಾನ ಓದುತ್ತಿದ್ದವನು ರಜೆಗೆ ಬಂದಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಸವಡಿ ಊರಿನವರು. ಮನೆಗೆ ಬಂದು ವರ್ಷವೂ ಆಗಿರಲಿಲ್ಲ. ತಂಗಿಯ ಮದುವೆಯ ಕುಬಸಕ್ಕೆ ಎರಡು ತಿಂಗಳು ಕೂತು ಕಸೂತಿ ಹಾಕಿದವರು ಅವರೇ. ಅಕ್ಕಿಕಾಳು ಬೀಳುವ ಮದುವೆಯ ದಿನ ಆರತಿ ಹಿಡಿಯುವುದೂ ಅವರದೇ ಪಾಲಿಗೆ ಬಂದಿತ್ತು.

ಅರಿಷಿಣ ಹಚ್ಚಿದ ದಿನ ವೈನಿಯ ಬಿಳಿ ಒಡಲಿನ ಸೀರೆಗೆ ಅರಿಷಿಣ ಸಿಡಿಯಿತು. ಅವರು ಅದನ್ನು ಸೋಡಾ ನೀರಿನಲ್ಲಿ ಅದ್ದಿ, ಅರ್ಧಮರ್ಧ ಹಿಂಡಿ, ಯಾರೋ ಕರೆದರೆಂದು ಹಿತ್ತಿಲ ಹಗ್ಗದ ಮೇಲೆ ಹಾಕಿ ಬಂದರು. ಕಲೆಗಳು ಕೆಂಪಾಗಿದ್ದವು. ಅದನ್ನು ಕಂಡವರು ನನ್ನ ಸೋದರತ್ತೆ. ವೈನಿ ಹೊರಗಾಗಿದ್ದನ್ನು ಮುಚ್ಚಿಟ್ಟು ದೇವರ ಮನೆ ಮುಟ್ಟಿದ್ದಾಳೆ ಎಂದು ಪಡಸಾಲೆಯಲ್ಲಿ ನಿಂತು ಸಾರಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಾಬೂನು ತಾಗಿದರೆ ಅರಿಷಿಣದ ಕಲೆ ಕೆಂಪಾಗುವುದು ನಮ್ಮ ಕಡೆ ಯಾವ ಹೆಂಗಸಿಗೆ ಗೊತ್ತಿಲ್ಲ? ಅದೂ ಹೋಗಲಿ. ಅದೇ ಅತ್ತೆ ಅಂದು ಬೆಳಿಗ್ಗೆ ಅರಿಷಿಣದ ನೀರಿಗೆ ಸುಣ್ಣ ಕಲಸಿ, ಅದು ಕೆಂಪಾಗುವುದನ್ನು ಕಣ್ಣಾರೆ ನೋಡಿ, ಆ ನೀರಿನಿಂದಲೇ ತಂಗಿಗೆ ದೃಷ್ಟಿ ನಿವಾಳಿಸಿದ್ದರು! ತಾಟಿನಲ್ಲಿ ಕೆಂಪಾದರೆ ಮಂಗಳ, ಸೊಸೆಯ ಸೀರೆಯಲ್ಲಿ ಕೆಂಪಾದರೆ ಮೈಲಿಗೆ. ಕಾರಣ ಎಲ್ಲರಿಗೂ ತಿಳಿದದ್ದೇ. ಅಣ್ಣನಿಗೆ ಅವರು ತಮ್ಮ ಮಗಳನ್ನು ಕೊಡಬೇಕೆಂದಿದ್ದರು. ಅವನು ಸವಡಿಯ ಹೆಣ್ಣು ತಂದಿದ್ದ.

ವೈನಿ ಅಳಲಿಲ್ಲ. "ಅದು ಅರಿಷಿಣರಿ. ನಿಂಬಿಹಣ್ಣ ತರ್ರಿ, ನಿಮ್ಮ ಮುಂದs ಹುಳಿ ಹಿಂಡ್ತೀನಿ. ಮತ್ತ ಹಳದಿ ಆಕ್ಕೈತಿ" ಎಂದರು.

ಅತ್ತೆ ನಕ್ಕರು. "ಹುಳಿ ಹಿಂಡೂದನ್ನ ಸವಡಿಯವರಿಗೆ ಯಾರೂ ಕಲಿಸಬೇಕಾಗಿಲ್ಲವ್ವಾ. ನಾಕು ದಿನಾ ಹೊರಗ ಕುಂಡ್ರು, ನಡಿ."

ಅವ್ವ ನೆಲ ನೋಡಿದಳು. ಅಣ್ಣ ಚಪ್ಪರದವರನ್ನು ವಿಚಾರಿಸುವ ನೆವದಲ್ಲಿ ಹೊರಗೆ ಹೋದ. ಒಂದು ನಿಂಬೆಹಣ್ಣು ತರಲು ಆ ಮನೆಯಲ್ಲಿ ಯಾರ ಕಾಲೂ ಏಳಲಿಲ್ಲ. ಊಟದ ಎಲೆಗಳಿಗೆಂದು ತಂದ ಬುಟ್ಟಿ ತುಂಬ ನಿಂಬೆಹಣ್ಣು ಕಂಬದ ಬುಡದಲ್ಲೇ ಇತ್ತು. ಆ ಕಂಬಕ್ಕೆ ಒರಗಿ ನಿಂತವನು ನಾನು. ಅರಿಷಿಣ ಸವರಿದ ಕಾಗದ ಸೋಡಾ ದ್ರಾವಣದಲ್ಲಿ ಕೆಂಪಾಗುವುದನ್ನು ಕಾಲೇಜಿನಲ್ಲಿ ಸ್ವತಃ ಮಾಡಿ ನೋಡಿ, ಪ್ರಯೋಗದ ವಹಿಯಲ್ಲಿ ಅಂದವಾಗಿ ಬರೆದು ಶಹಬಾಸ್ ಅನ್ನಿಸಿಕೊಂಡಿದ್ದವನು.

ಅಂದಿನ ನನ್ನ ದಿನಚರಿ ಈಗಲೂ ಇದೆ. ಅದರಲ್ಲಿ ಹೀಗಿದೆ: "ಅತ್ತೆಗೆ ತಿಳಿಸಿ ಹೇಳಿದೆ. ಕೇಳಲಿಲ್ಲ." ಬಹಳ ವರ್ಷ ನಾನು ಈ ಸಾಲನ್ನು ನಂಬಿದೆ. ನೆನಪು ಮೋಸ ಮಾಡುತ್ತದೆ, ಬರೆದದ್ದು ಮಾಡುವುದಿಲ್ಲ ಎಂಬ ಭ್ರಮೆ. ಆದರೆ ಇನ್ನೊಂದು ಮಾತು ನೆನಪಿದೆ. ಮದುವೆಯ ದಿನ ದನದ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ವೈನಿ ಒಬ್ಬರೇ ಕೂತಿದ್ದರು. ವಾಲಗ ಅಲ್ಲಿಗೂ ಕೇಳುತ್ತಿತ್ತು. ನಾನು ಹತ್ತಿರ ಹೋಗಿ, ಅದು ಅರಿಷಿಣವೆಂದು ನನಗೆ ಮೊದಲೇ ಗೊತ್ತಿತ್ತು ಎಂದೆ. ಅವರು ತಲೆಯೆತ್ತಿ, "ಗೊತ್ತಿದ್ರ ಅಲ್ಲೇ ಹೇಳಬೇಕಿತ್ತಲ್ರಿ. ಇಲ್ಲಿ ದನದ ಮುಂದ ಹೇಳಿದ್ರ ಏನ ಬಂತು?" ಎಂದರು. ಆಮೇಲೆ, ಕುಬಸ ತಂಗಿಗೆ ಒಪ್ಪಿತೋ ಇಲ್ಲವೋ ಎಂದು ಕೇಳಿದರು.

ನಾನು ಪಡಸಾಲೆಯಲ್ಲಿ ಬಾಯಿ ಬಿಟ್ಟಿದ್ದರೆ ಅವರು ಹಾಗೆ ಅನ್ನುತ್ತಿರಲಿಲ್ಲ. ದಿನಚರಿ ಸುಳ್ಳು. ಕಲಿತವನ ಸುಳ್ಳು, ಅಕ್ಷರಗಳು ಮಾತ್ರ ದುಂಡಗಿವೆ.

ಧಾರವಾಡದಲ್ಲಿ ಒಂದು ಬಣ್ಣ, ಊರ ಪಡಸಾಲೆಯಲ್ಲಿ ಇನ್ನೊಂದು. ನಾನೂ ಅರಿಷಿಣದ ಜಾತಿಯವನೇ ಎನ್ನೋಣವೆಂದರೆ ಅರಿಷಿಣಕ್ಕೆ ಅವಮಾನ. ತನ್ನ ಸುತ್ತ ಏನಿದೆಯೋ ಅದನ್ನು ಅದು ಬಣ್ಣದಿಂದ ಎಲ್ಲರೆದುರು ಹೇಳಿಬಿಡುತ್ತದೆ. ನಾನು ಮುಚ್ಚಿಟ್ಟೆ.

ನಿನ್ನೆ ಆ ಹಳೆಯ ದಿನಚರಿ ತೆಗೆದು ಆ ಸಾಲಿಗೆ ಗೀಟು ಹಾಕಿ ಅಡಿಗೆಮನೆಗೆ ಮರಳಿದೆ. ಕೆಂಪು ನೀರಿನ ಬಟ್ಟಲು ಹಾಗೇ ಇತ್ತು. ನಿಂಬೆಹಣ್ಣು ಹಿಂಡಿದೆ. ಬುರುಗೆದ್ದು, ನೀರು ಹಳದಿಗೆ ತಿರುಗಿತು. ಇದನ್ನು ಮಾಡಿ ತೋರಿಸುತ್ತೇನೆಂದು ನಿಂತವರು ನಿನ್ನ ದೊಡ್ಡಜ್ಜಿ ಎಂದು ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು.

"ನೀವು ಅಲ್ಲೇ ಇದ್ರಲ್ಲಾ ಅಜ್ಜಾ. ಏನಂದ್ರಿ?"

"ಏನೂ ಅನ್ನಲಿಲ್ಲ."

ಎರಡೇ ಶಬ್ದ. ಅಂದು ಬೇಕಾಗಿದ್ದದ್ದೂ ಎರಡೇ ಶಬ್ದ: ಅದು ಅರಿಷಿಣ.