ಪ್ಲಿಮತ್ ಕಾರಿನ ಕೆಂಪು ಸೈನ್ಯ

ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಜಿನಗೊಂಡನಿಗೆ ಹುಲಿಯ ಭಯವಿರಲಿಲ್ಲ, ಹುಲಿಯನ್ನು ಅವನು ನೋಡಿಯೇ ಇರಲಿಲ್ಲ. ಹೆಂಡತಿ ಮಂಗಲಳನ್ನು ದಿನಾ ನೋಡುತ್ತಿದ್ದ.

ಅಜ್ಜ ಕೊಂಡ ಅಮೆರಿಕದ ಪ್ಲಿಮತ್ ಕಾರು ಬೆಲ್ಲದ ಗೋದಾಮಿನಲ್ಲಿ ನಿಂತಿತ್ತು. ಕಾರ್ಖಾನೆಯಲ್ಲಿ ಬಳಿದ ಹಸಿರು ಬಣ್ಣವೇ ಅದರ ಮೈಮೇಲೆ ಇನ್ನೂ ಇತ್ತು. ಅಜ್ಜನ ಮೊಣಕೈ ತಾಗಿ ಸವೆದ ಬಾಗಿಲಂಚನ್ನು ಸವರದೆ ಜಿನಗೊಂಡ ಮಲಗುತ್ತಿರಲಿಲ್ಲ. ಮಂಗಲಳ ಕಣ್ಣಿಗೆ ಅದೊಂದು ಮಾಸಿದ ಡಬ್ಬಿ. ದಸರೆಯ ಪೂಜೆಗೆ ಕಾರು ಕೆಂಪಗೆ ಹೊಳೆಯಲೆಂದು, ಇಚಲಕರಂಜಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ತನ್ನ ತಮ್ಮ ಅಭಿಜಿತನನ್ನು ಕರೆಸಿದಳು.

ಬೇಡ ಎನ್ನಲು ಜಿನಗೊಂಡನ ನಾಲಿಗೆ ಏಳಲಿಲ್ಲ. ಅಭಿಜಿತ ಬರುವ ದಿನ ನಸುಕಿನಲ್ಲೇ ಬೆಲ್ಲ ಪುಡಿ ಮಾಡಿ ಕಾರಿನ ಒಳಗೂ ಹೊರಗೂ ಉದುರಿಸಿ ಬಂದ.

"ದಾಜಿ, ಸರೀರಿ. ಮೊದಲ ಹಳೇ ಬಣ್ಣ ಉಜ್ಜಿ ತಗೀತೇನಿ," ಎಂದು ಅಭಿಜಿತ ಭಾವನಿಗೆ ಹೇಳಿ ಪಾಲಿಶ್ ಪೇಪರ್ ಎತ್ತಿದ.

ಜಿನಗೊಂಡ ಬಾಗಿಲಂಚಿನತ್ತ ಬೆರಳು ಮಾಡಿದ. "ಇರುವಿ ಅದಾವಲ್ಲೋ..." ಎಂದು ಪಿಸುಗುಟ್ಟಿದ.

ಜೀವಹಿಂಸೆಯಾದೀತೆಂದು ನೀರನ್ನೂ ಸೋಸಿ ಕುಡಿಯುವ ಮಂಗಲ ಬಗ್ಗಿ ನೋಡಿದಳು. ಕೆಂಪಿರುವೆಗಳ ಸೈನ್ಯ ಕಾರನ್ನು ಗೆದ್ದಾಗಿತ್ತು.

"ಏ ಅಭ್ಯಾ, ಕೈ ತಗಿ! ಚಾತುರ್ಮಾಸದಾಗ ಇಷ್ಟ ಜೀವ ಕೊಲ್ತಿ ಏನ? ಅವು ತಾವಾಗೇ ಹ್ವಾದಮ್ಯಾಲ ಬಾ!"

ಅವು ಹೋಗಬಾರದೆಂದು ಜಿನಗೊಂಡ ಈಗ ದಿನಾ ಬೆಲ್ಲ ಉದುರಿಸುತ್ತಾನೆ. ಸಂಜೆ ಸ್ಟೀರಿಂಗ್ ಹಿಡಿದು ಕೂತರೆ ತೊಡೆಗೆ ನೂರು ಸೂಜಿ ಚುಚ್ಚುತ್ತವೆ. ಚೀರಿದರೆ ಮಂಗಲ ಓಡಿ ಬಂದು ಬೆಲ್ಲವನ್ನು ಕಂಡುಬಿಟ್ಟಾಳು. ಆ ಭಯಕ್ಕೆ ನಮ್ಮ ವೀರ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಸವೆದ ಬಾಗಿಲಂಚಿನ ಮೇಲೆ ಅಜ್ಜನಂತೆಯೇ ಗತ್ತಿನಿಂದ ಮೊಣಕೈ ಊರುತ್ತಾನೆ.