ವಾದಿ ಅದಾಯ್‌ನಲ್ಲೊಂದು ರೈಲಿನ ಸೀಟು

ಒಮಾನಿನ ಸಲಾಲಾದಿಂದ ಬರುವಾಗ ಕಾರಿನ ಎ.ಸಿ. ಕೆಟ್ಟಿತು. ವಾದಿ ಅದಾಯ್‌ನ ಗ್ಯಾರೇಜೊಂದರಲ್ಲಿ, ಕೆಂಪು ಮಖಮಲ್ಲಿನ ಜೋಡಿ ಸೀಟಿನ ಮೇಲೆ ಕಾಯುತ್ತ ನಿದ್ದೆಹೋಗಿದ್ದೆ.

"ಮೇಡಂ, ಸ್ವಲ್ಪ ಏಳ್ತೀರಾ? ಸೀಟು ಕೊಂಡವರು ಬಂದಿದ್ದಾರೆ."

ಮಾಲೀಕ ಅಬ್ಬಾಸ್ ಉಳ್ಳಾಲದವರು. ಗ್ಯಾರೇಜು ಮುಚ್ಚಿ ಊರಿಗೆ ಹೊರಟಿದ್ದಾರೆ. ನನ್ನದೇ ಕೊನೆಯ ಕಾರು. ಸೀಟು ಜಪಾನಿನ ೪೮೫ ಮಾದರಿಯ ಎಕ್ಸ್‌ಪ್ರೆಸ್ ರೈಲಿನದಂತೆ, ಬಿಡಿಭಾಗಗಳ ಕಂಟೇನರಿನಲ್ಲಿ ಬಂದದ್ದು. ಎರಡು ಬಗೆಯ ವಿದ್ಯುತ್ತಿನಲ್ಲೂ ಓಡುತ್ತಿದ್ದ ಆ ರೈಲು, ಬುಲೆಟ್ ರೈಲಿಗೆ ಒಂದೊಂದೇ ಮಾರ್ಗ ಬಿಟ್ಟುಕೊಟ್ಟು ನಿವೃತ್ತವಾಯಿತೆಂದು ಫೋನಿನಲ್ಲಿ ಓದಿದೆ.

"ಊರಿಗೆ ಒಯ್ಯಬಹುದಿತ್ತಲ್ಲ?"

"ಇದನ್ನು ಹೊತ್ತುಕೊಂಡು ಹೋದ್ರೆ ಹೆಂಡತಿ ನನ್ನನ್ನೂ ಜಗಲಿಯಲ್ಲೇ ಇಡ್ತಾಳೆ."

"ಖಲಾಸ್, ಯಲ್ಲಾ!" ಕೊಂಡ ಒಮಾನಿ ಹಿರಿಯರು ಅವಸರಿಸಿದರು.

ಸೀಟು ಗ್ಯಾರೇಜಿಗೆ ಮುಖ ಮಾಡಿಕೊಂಡು ಪಿಕಪ್ ಏರಿತು. ಅಬ್ಬಾಸ್ ತಾವೂ ಹತ್ತಿ, ಸೀಟಿನಡಿಯ ಪೆಡಲ್ ಒತ್ತಿದರು. ಅದು ಅರ್ಧ ಸುತ್ತು ತಿರುಗಿ ರಸ್ತೆಗೆ ಮುಖ ಮಾಡಿತು.

"ರೈಲು ಯಾವ ಕಡೆ ಹೋದ್ರೂ ಇದು ಮುಂದೆಯೇ ನೋಡ್ಬೇಕು. ಹಿಂದೆ ನೋಡ್ತಾ ಹೋದ್ರೆ ತಲೆ ತಿರುಗ್ತದೆ, ಮೇಡಂ."

ಪಿಕಪ್ ಹೊರಟಾಗ ಅಬ್ಬಾಸ್ ಆಗಲೇ ಇಳಿದು ನನ್ನ ಕಾರಿನ ಬಾನೆಟ್ಟಿನೊಳಗೆ ತಲೆ ತಗ್ಗಿಸಿದ್ದರು. ಕೂರಲು ಬೇರೇನೂ ಇರಲಿಲ್ಲ. ಸೀಟಿದ್ದ ಜಾಗದಲ್ಲೇ ನಿಂತು ಕಾದೆ.